ಸೈಟಿನ ಮೇಲಿನ ಸಂಡಿಗೆ

ಒಂದು ಮಾತು ಅಂದವರಿಗೆ ಎರಡು ವಾಪಸು ಕೊಡದಿದ್ದರೆ ಪ್ರೇಮಾಳಿಗೆ ಉಂಡ ಅನ್ನ ಅರಗುತ್ತಿರಲಿಲ್ಲ. ಗಂಡ ಹನುಮಂತರಾಯರು ಜೀವಮಾನವೆಲ್ಲ ರಕ್ಷಣಾ ಕಾರ್ಖಾನೆಯ ಸದ್ದಿನಲ್ಲಿ ದುಡಿದವರು, ಮನೆಯ ಸದ್ದು ಅವರಿಗೆ ಲೆಕ್ಕಕ್ಕೇ ಇರಲಿಲ್ಲ. ಇಬ್ಬರ ಜೀವವೂ ಇದ್ದದ್ದು ಕೂಕಟ್‌ಪಲ್ಲಿಯ ಆಚೆಯ ಒಂದು ಸೈಟಿನಲ್ಲಿ. ಆಕೆಯ ಬಳೆ, ಸರ ಎಲ್ಲ ಕರಗಿ ಆದ ಸೈಟು ಅದು. ಕೊಂಡಾಗ ಅಲ್ಲಿ ನರಿ ಕೂಗುತ್ತಿದ್ದವು. ಹೈಟೆಕ್ ಸಿಟಿ ಎದ್ದದ್ದೇ ತಡ, ಗಜಗಜಕ್ಕೂ ಬಂಗಾರದ ಬೆಲೆ ಬಂತು. ಬೆಲೆಯ ಬೆನ್ನಿಗೇ ಕಬ್ಜಾ ಮಾಡುವ ಗೂಂಡಾಗಳೂ ಬಂದರು.

"ಜಾಗ ಖಾಲಿ ಬಿಡಬೇಡಿ. ಅವರ ಗೋಡೆ ಎದ್ದರೆ ಕೋರ್ಟಿಗೆ ಅಲೆದು ಸಾಯ್ತೀರಿ" ಎಂದಿದ್ದರು ವಕೀಲರು. ಅದಕ್ಕೇ ಪ್ರತಿ ಬೇಸಿಗೆ ಆ ತೆಲುಗು ಊರಿನ ನಾಲ್ಕು ಕನ್ನಡದ ಮನೆಗಳು ಅಲ್ಲಿ ಸೇರುತ್ತಿದ್ದವು. ಹೆಂಗಸರು ಮೂರು ಕಲ್ಲಿಟ್ಟು ಒಲೆ ಹೂಡಿ, ಹಿಟ್ಟು ಕುದಿಸಿ, ಹಳೆ ಸೀರೆ ಹಾಸಿ ಸೈಟಿನ ತುಂಬ ಸಂಡಿಗೆ ಇಡುವುದು. ಗಂಡಸರು ಮಾವಿನಹಣ್ಣು ಹಿಂಡಿ ಸೀಕರಣೆ ಮಾಡುವುದು. ನೋಡಿದವರಿಗೆ ಹಬ್ಬ, ಒಳಗೊಳಗೆ ಕಾವಲು.

ನಿಜವಾದ ಕಾವಲು ಯಾದಗಿರಿ ಕಡೆಯ ಗದಿಗೆಮ್ಮನದು. ಮೂಲೆಯ ತಗಡಿನ ಗುಡಿಸಲಲ್ಲಿ ಇದ್ದವಳು. ಅವಳ ಮಗ ಹುಲಗೇಶ ಗೋಡೆ ಕಟ್ಟುವ ಗೌಂಡಿ, ಕೆಲಸ ಸಿಕ್ಕ ಕಡೆಯೇ ಮಲಗುವವನು. ತಾಯಿಯನ್ನು ನೋಡಲು ಬಂದಾಗಲೆಲ್ಲ ಪ್ರೇಮಾಳ ಕೈಯ ಬಿಸಿ ಸಂಡಿಗೆ ಹಿಟ್ಟನ್ನು ತಟ್ಟೆಗಟ್ಟಲೆ ತಿನ್ನುತ್ತಿದ್ದ.

"ನಿಂದು ಹೊಟ್ಟ್ಯೋ, ಕಾಳು ತುಂಬೋ ಹಗೇವೋ?" ಎಂದು ಬೈಯುತ್ತಲೇ ಪ್ರೇಮಾ ಇನ್ನೊಂದು ಸೌಟು ಹಾಕುತ್ತಿದ್ದಳು.

ಆ ವರ್ಷ ಸಂಡಿಗೆ ಇಟ್ಟು ಮುಗಿದಿರಲಿಲ್ಲ, ಒಂದು ಸುಮೋ, ಅದರ ಹಿಂದೆ ಇಟ್ಟಿಗೆ ತುಂಬಿದ ಟ್ರ್ಯಾಕ್ಟರ್ ಬಂದು ನಿಂತವು. ಮುಖಕ್ಕೆ ಟವೆಲ್ ಸುತ್ತಿದ ಏಳೆಂಟು ಮಂದಿ ಇಳಿದರು. "ಲೇವಂಡಿ, ಲೇವಂಡಿ! ಇದಿ ಮಾ ಸ್ಥಲಂ" ಏಳಿ, ಇದು ನಮ್ಮ ಜಾಗ ಎಂದು ತೆಲುಗಿನಲ್ಲಿ ಗದರುತ್ತ ಒಬ್ಬ ನೆಟ್ಟಗೆ ಸಂಡಿಗೆಯ ಮೇಲೇ ನಡೆದು ಬಂದ.

"ಏ ಭಾಡ್ಯಾ! ತಿನ್ನೋ ಅನ್ನದ ಮ್ಯಾಲೆ ಕಾಲಿಡ್ತೀಯೇನೋ? ನಿಮ್ಮಪ್ಪ ಬರದು ಕೊಟ್ಟಾನೇನು ಈ ಜಾಗಾ?" ಪ್ರೇಮಾ ಎದ್ದು ನಿಂತು ಕೂಗಿದಳು.

ಉತ್ತರವಾಗಿ ದೊಣ್ಣೆ ಬಂತು. ಸೀಕರಣೆಯ ಪಾತೇಲಿ ಉರುಳಿತು. ಪಕ್ಕದ ಮನೆಯ ಸುಮಂಗಲಾಳ ಗಂಡನ ಮುಂಗೈ ಚಟ್ಟೆಂದು ಮುರಿಯಿತು. ಅಷ್ಟು ಸಾಕಾಯಿತು, ಮೂರು ಮನೆಯವರೂ ಮಕ್ಕಳನ್ನು ಎಳೆದುಕೊಂಡು ದಿಕ್ಕಾಪಾಲಾದರು. ಹನುಮಂತರಾಯರು ಮಾತ್ರ ಮಾವಿನ ರಸ ಮೆತ್ತಿದ ಕೈಗಳನ್ನು ಅಡ್ಡ ಹಿಡಿದು ನಿಂತರು. ಟವೆಲ್ಲಿನವನೊಬ್ಬ ಸಲಿಕೆಯ ಕಾವಿನಿಂದ ಅವರ ತಲೆಗೇ ಬಾರಿಸಿದ. ರಾಯರು ಸಂಡಿಗೆಯ ಮೇಲೆ ಕುಸಿದರು, ಸೀರೆಯೆಲ್ಲ ರಕ್ತವಾಯಿತು. ಅವನು ಮತ್ತೆ ಕಾವು ಎತ್ತಿದ.

ಪ್ರೇಮಾಳಿಗೆ ಮೈಮೇಲೆ ದೇವರು ಬಂದಂತಾಯಿತು. ಸೆರಗು ಸುತ್ತಿ ಒಲೆಯ ಮೇಲಿನ ಬೋಗುಣಿಯನ್ನೇ ಎತ್ತಿ, ಕೊತಕೊತ ಕುದಿಯುವ ಹಿಟ್ಟನ್ನು ಅವನ ಮೋರೆಗೆ ಎರಚಿಬಿಟ್ಟಳು. ನೀರಾದರೆ ಇಳಿದು ಹೋಗುತ್ತದೆ. ಸಂಡಿಗೆ ಹಿಟ್ಟು ಹಿಡಿದಲ್ಲೇ ಹಿಡಿದು ಸುಡುತ್ತದೆ.

"ಯವ್ವಾ! ಸತ್ನೆಬೇ ಯವ್ವಾ!"

ಆ ದನಿಗೆ ಗದಿಗೆಮ್ಮ ಗುಡಿಸಲಿನಿಂದ ಬಿದ್ದು ಎದ್ದು ಓಡಿ ಬಂದಳು. ಟವೆಲ್ ಎಳೆದಳು. ಟವೆಲ್ಲಿನ ಜೊತೆ ಚರ್ಮವೂ ಬಂತು. ಹುಲಗೇಶ!

"ನನ್ನ ಕೈಯಾಗ ಉಂಡಾವಲ್ಲೋ ನೀನು!" ಪ್ರೇಮಾ ಚೀರಿದಳು.

"ಉಂಡೀನ್ರಿ..." ಹುಲಗೇಶ ನೆಲದಲ್ಲಿ ಹೊರಳಾಡುತ್ತಲೇ ಅಂದ. "ನಿಮ್ಮ ಜಾಗಾ ಕಾಯಾಕ ನಮ್ಮವ್ವ ತಗಡಿನ ಕೆಳಗ ಬೇಯಾಕತ್ತಾಳ. ಅಕಿಗೊಂದು ಖೋಲಿ ಕೊಡ್ತೀವಿ ಅಂದ್ರು ಇವರು."

ಗೂಂಡಾಗಳು ಹಿಂದೆ ಸರಿದರು, ಆದರೆ ಹೋಗಲಿಲ್ಲ. ಟ್ರ್ಯಾಕ್ಟರಿಗೆ ಒರಗಿ ಕಾದರು. ಪ್ರೇಮಾ ಹೊರಗೆ ಕಾಲಿಟ್ಟರೆ ಸಾಕು, ಗೋಡೆ ಏಳುತ್ತದೆ. ರಾಯರು ಒಡೆದ ತಲೆಯನ್ನು ಒತ್ತಿ ಹಿಡಿದು, "ಪ್ರೇಮಾ, ನೀ ಇಲ್ಲೇ ಇರು. ಜಾಗಾ ಬಿಡಬ್ಯಾಡ" ಎಂದರು.

ಆಕೆ ಇಟ್ಟಿಗೆ ನೋಡಿದಳು. ಹಿಟ್ಟು ಮೆತ್ತಿ ಮುಚ್ಚಿಹೋದ ಹುಲಗೇಶನ ಕಣ್ಣು ನೋಡಿದಳು.

"ಸುಡಗಾಡಿಗೆ ಹೋಗಲಿ ಈ ಜಾಗಾ!" ಎಂದವಳೇ ರಸ್ತೆಗೆ ಓಡಿ ಆಟೋ ನಿಲ್ಲಿಸಿ, ಗಂಡನನ್ನೂ ಹುಲಗೇಶನನ್ನೂ ಅದರೊಳಕ್ಕೆ ತುರುಕಿದಳು. ಗದಿಗೆಮ್ಮನೂ ಹತ್ತಿದಳು.

ಆಸ್ಪತ್ರೆಯಲ್ಲಿ ರಾಯರ ತಲೆಗೆ ಹೊಲಿಗೆ ಬಿದ್ದವು. ಹುಲಗೇಶ ಬದುಕುತ್ತಾನೆ, ಒಂದು ಕಣ್ಣು ಹೋಯಿತು ಎಂದರು ಡಾಕ್ಟರು. ಸಂಜೆ ಮಗನಿಗೆ ಬಟ್ಟೆ ತರಲು ಗದಿಗೆಮ್ಮ ಹೊರಟಾಗ ಪ್ರೇಮಾಳೂ ಜೊತೆಗೆ ಬಂದಳು.

ಸೈಟಿನ ಮುಂದೆ ಯಾರೂ ಇರಲಿಲ್ಲ, ಗೂಂಡಾಗಳೂ ಆಳುಗಳೂ ಆ ದಿನದ ಕೆಲಸ ಮುಗಿಸಿ ಹೋಗಿದ್ದರು. ಆದರೆ ಈ ತುದಿಯಿಂದ ಆ ತುದಿಗೆ ತೊಡೆಯೆತ್ತರದ ಗೋಡೆ ಎದ್ದಿತ್ತು. ಅದರ ಬುಡದಲ್ಲಿ ಪ್ರೇಮಾಳದೇ ಸೀರೆಯ ಅಂಚು, ಅದಕ್ಕೆ ಕಚ್ಚಿಕೊಂಡ ನಾಲ್ಕು ಸಂಡಿಗೆ. ಪ್ರೇಮಾ ಅಲ್ಲೇ ಕುಕ್ಕರಿಸಿ ಎದೆ ಬಡಿದುಕೊಂಡು ಅತ್ತಳು.

ಗದಿಗೆಮ್ಮ ಗೋಡೆಯ ಮೇಲೆ ಅಂಗೈ ಇಟ್ಟಳು. ಸಿಮೆಂಟು ಕೈಗೆ ಹತ್ತಿತು. ಇನ್ನೂ ಹಸಿ. ಸೀರೆಯ ನೆರಿಗೆ ಎತ್ತಿ ಕಟ್ಟಿ, ಜಾಡಿಸಿ ಒದ್ದಳು. ಒಂದು ಸಾಲು ಇಟ್ಟಿಗೆ ದಡದಡನೆ ಬಿತ್ತು.

"ಬಿಡು ಗದಿಗೆಮ್ಮ, ನಮ್ಮ ಉಸಾಬರಿ ನಿನಗ್ಯಾಕ..."

"ನಿಮ್ಮ ಸಲುವಾಗಿ ಅಲ್ರೀ ಅಮ್ಮಾರ. ನನ್ನ ಮಗನ ಕಣ್ಣು ನುಂಗಿದ ಗ್ವಾಡಿ ಐತಿ ಇದು."

ಪ್ರೇಮಾ ಎದ್ದಳು. ಇಬ್ಬರೂ ಭುಜ ಕೊಟ್ಟು ನೂಕಿದರು, ಒದ್ದರು, ಉಗುರು ಕಿತ್ತು ರಕ್ತ ಸುರಿದರೂ ಕಿತ್ತೆಸೆದರು. ಕೊನೆಯ ಸಾಲು ಉರುಳಿದ ಮೇಲೆ ಗದಿಗೆಮ್ಮ ತಿರುಗಿ ನಿಂತು, ಸಿಮೆಂಟು ಮೆತ್ತಿದ ಕೈಯಿಂದ ಪ್ರೇಮಾಳ ಕೆನ್ನೆಗೆ ಫಟಾರನೆ ಬಾರಿಸಿದಳು.

"ಇದು ನಿಮಗರೀ. ಅವನ ಕಣ್ಣಿಗೆ."

ತುಟಿ ಒಡೆದು ಪ್ರೇಮಾಳ ಬಾಯಿಯೆಲ್ಲ ಉಪ್ಪುಪ್ಪಾಯಿತು. ಅವನು ನನ್ನ ಗಂಡನ ತಲೆ ಒಡೆದನಲ್ಲ ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ರಕ್ತದ ಜೊತೆ ಅದನ್ನೂ ನುಂಗಿಕೊಂಡಳು. ವಾಪಸು ಕೊಡಲು ಆಕೆಯ ಹತ್ತಿರ ಏನೂ ಇರಲಿಲ್ಲ.