ಹುಸೇನಪ್ಪನ ಬಿಲ್ಲೆ

“ಇಳಿಬೇ ರಂಡಿ, ಇಳಿ ಕೆಳಗ. ಈಗರ ಕಲ್ಲು ತೊಳದೀನಿ, ಸೀದಾ ಮ್ಯಾಲ ಹತ್ತಾಕತ್ತಿ?”

ಗುಡಿಯ ಪೂಜಾರಿ ಅಯ್ಯನ ಕೈಯಲ್ಲಿ ಹಿತ್ತಾಳೆ ಕೊಡವಿತ್ತು. ಬಸ್ಸಮ್ಮ ಚೆಂಡುಹೂವಿನ ಮಾಲೆ ಹಿಡಿದುಕೊಂಡು ಸ್ಮಾರಕದ ಕಟ್ಟೆಯ ಮೆಟ್ಟಿಲ ಮೇಲೆ ಹಾಗೇ ನಿಂತಳು. ಅವಳ ಗಂಡ ಹುಸೇನಪ್ಪ ಗಡಿಯ ಹಿಮದಲ್ಲಿ ಗುಂಡು ತಗುಲಿ ಸತ್ತ ದಿನ ಮತ್ತೆ ಬಂದಿತ್ತು. ಎದುರಿಗಿದ್ದ ಕರಿಕಲ್ಲಿನ ಮೇಲೆ ಅವನ ಹೆಸರಿತ್ತು. ಅದರ ಮೇಲೆ, ಅದಕ್ಕಿಂತ ದಪ್ಪ ಅಕ್ಷರದಲ್ಲಿ, ಊರ ಗೌಡ ದೊಡ್ಡಬಸಪ್ಪನ ತಮ್ಮ ಗುರುಬಸವಗೌಡನ ಹೆಸರಿತ್ತು. ಎರಡಕ್ಕೂ ಮೇಲೆ, ‘ದೇಶಕ್ಕಾಗಿ ಪ್ರಾಣ ಕೊಟ್ಟ ನಮ್ಮೂರ ವೀರರು’ ಎಂದು ಬಂಗಾರದ ಬಣ್ಣದಲ್ಲಿ ಬರೆಸಿದ್ದರು.

“ನನ್ನ ಗಂಡನ ಹೆಸರೈತ್ರೀ ಅಯ್ಯಾರ ಅದರಾಗ,” ಅಂದಳು.

“ಹೆಸರಿಗೆ ಮೈಲಿಗಿ ಇಲ್ಲ. ನಿನಗೈತಿ. ಮಾಲಿ ಅಲ್ಲಿ ಇಡು. ನೀರು ಹೊಡದು ನಾ ಹಾಕ್ತೀನಿ.”

ಬಸ್ಸಮ್ಮ ಮಾಲೆ ಇಡಲಿಲ್ಲ. ಇಳಿದು ಬಂದು, ಕೇರಿಯ ಬಾಯಲ್ಲಿ ಕಟ್ಟಿದ್ದ ಯಾರದೋ ಆಡಿನ ಮುಂದೆ ಎಸೆದು ಮನೆಗೆ ಹೋದಳು.

ದಢೇಸುಗೂರಿನ ಆಚೆ, ಕಾಲುವೆ ದಂಡೆಯ ಮೇಲಿನ ಊರು ಅದು. ಕಾಲುವೆಗೆ ನೀರು ಬಿಟ್ಟರೆ ಸಾಕು, ಮಾದಿಗರ ಕೇರಿಯ ಹೆಂಗಸರೆಲ್ಲ ಗೌಡರ ಗದ್ದೆಯಲ್ಲಿ ಮೊಣಕಾಲುದ್ದ ಕೆಸರಲ್ಲಿ ಬಗ್ಗಿ ನಿಲ್ಲುತ್ತಿದ್ದರು. ಆ ಊರಿಂದ ಮಿಲಿಟರಿಗೆ ಹೋದವರು ಇಬ್ಬರೇ, ಹುಸೇನಪ್ಪ ಮತ್ತು ಗುರುಬಸವ. ರಜೆಗೆ ಇಬ್ಬರೂ ಒಂದೇ ರೈಲಲ್ಲಿ ಬರುತ್ತಿದ್ದರಂತೆ. ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದರಂತೆ. ಸಿಂಧನೂರಿನ ಬಸ್‌ಸ್ಟ್ಯಾಂಡಿನಲ್ಲಿ ಒಂದೇ ಚಹಾ ತಗೊಂಡು ಅರ್ಧರ್ಧ ಕುಡಿಯುತ್ತಿದ್ದರಂತೆ. ಊರಿನ ಸ್ಟಾಪು ಬಂತೆಂದರೆ ಗುರುಬಸವ ಮೊದಲು ಇಳಿದು, ಹಿಂದೆ ತಿರುಗಿ ನೋಡದೆ ರಸ್ತೆಯ ಆ ಮಗ್ಗುಲು ಹಿಡಿದು ನಡೆದುಬಿಡುತ್ತಿದ್ದ. ಹುಸೇನಪ್ಪ ಇದನ್ನು ನಗುತ್ತಲೇ ಹೇಳುತ್ತಿದ್ದ. ಬಸ್ಸಮ್ಮನಿಗೆ ನಗು ಬರುತ್ತಿರಲಿಲ್ಲ.

ಹುಸೇನಪ್ಪ ಸತ್ತ ಮರುವರ್ಷ ಗುರುಬಸವ ರಜೆಗೆ ಬಂದವನು ಸಿಂಧನೂರಿನ ಢಾಬಾದಲ್ಲಿ ಕಂಠಮಟ ಕುಡಿದು, ನೆಲ್ಲು ತುಂಬಿ ನಿಂತಿದ್ದ ಟ್ರ್ಯಾಕ್ಟರಿಗೆ ಬೈಕು ಗುದ್ದಿ ಸತ್ತ. ಊರಿಗೆಲ್ಲ ಗೊತ್ತಿದ್ದ ಮಾತು ಇದು. ಆದರೆ ಗೌಡ ಚುನಾವಣೆಗೆ ನಿಲ್ಲುವವನಿದ್ದ. ಮನೆಯಲ್ಲೊಬ್ಬ ಹುತಾತ್ಮ ಬೇಕಾಗಿತ್ತು. ಬಸ್ ನಿಲ್ಲುವ ಜಾಗದಲ್ಲಿ ಕಟ್ಟೆ ಎದ್ದಿತು, ಕರಿಕಲ್ಲು ಬಂತು. ಪಕ್ಕದೂರಿನ ಮಕ್ತುಮ್‌ಸಾಬ್ ಕೂತು ಅಕ್ಷರ ಕೆತ್ತಿದ. ಮಿಲಿಟರಿಯವರ ಕಣ್ಣಿಗೆ ನಿಜವಾದ ಹುತಾತ್ಮನೂ ಒಬ್ಬ ಬೇಕಲ್ಲ, ಅದಕ್ಕೆ ಹುಸೇನಪ್ಪನ ಹೆಸರನ್ನೂ ಕೆಳಗೆ ಸೇರಿಸಿದರು.

ಕಟ್ಟೆ ಮುಗಿಯುವ ಹೊತ್ತಿಗೆ ಗೌಡ ತನ್ನ ಜನ್ಮದಲ್ಲೇ ಮೊದಲ ಸಲ ಕೇರಿಗೆ ಬಂದ. ಬಸ್ಸಮ್ಮನ ಹೊಸ್ತಿಲ ಆಚೆ ನಿಂತು, ಹುಸೇನಪ್ಪನ ಪದಕವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಊರಿಗೆಲ್ಲ ತೋರಿಸುತ್ತೇವೆ, ಕೊಡು ಅಂದ. ಕೇರಿಯವರು ಅದಕ್ಕೆ ಬಿಲ್ಲೆ ಅನ್ನುತ್ತಿದ್ದರು. ದಿಲ್ಲಿಯಲ್ಲಿ ಅದನ್ನು ಬಸ್ಸಮ್ಮನ ಅಂಗೈಯಲ್ಲಿಟ್ಟು, ದೊಡ್ಡ ಅಧಿಕಾರಿಯೊಬ್ಬರು ಕೈಮುಗಿದಿದ್ದರು. ಗಂಡನಿಗೆ ಮರ್ಯಾದೆ ಆಗುವುದಾದರೆ ಆಗಲಿ ಎಂದು ಅವಳು ಬಿಲ್ಲೆ ಹಿಡಿದು ಹೊರಗೆ ಬಂದಳು. ಕೈ ಚಾಚಿದಳು. ಗೌಡ ಕೈ ಚಾಚಲಿಲ್ಲ. ನೆಲ ತೋರಿಸಿದ.

ಅವಳು ಬಿಲ್ಲೆಯನ್ನು ಮಣ್ಣಲ್ಲಿಟ್ಟಳು. ಗೌಡನ ಆಳು ತಂಬಿಗೆಯಿಂದ ಅದರ ಮೇಲೆ ನೀರು ಚಿಮುಕಿಸಿ, ಟವೆಲ್ಲಿನಲ್ಲಿ ಸುತ್ತಿ ಎತ್ತಿಕೊಂಡ. ಒಳಗಿನಿಂದ ಅತ್ತೆ ಕರೆಮ್ಮ ಇದನ್ನೆಲ್ಲ ನೋಡುತ್ತಿದ್ದಳು.

ಕಟ್ಟೆ ಉದ್ಘಾಟನೆಯಾದ ಮೇಲೆ ಬಸ್ಸಮ್ಮ ದೂರದಿಂದಲೇ ಕತ್ತು ಉದ್ದ ಮಾಡಿ ನೋಡಿದಳು. ಗಾಜಿನ ಪೆಟ್ಟಿಗೆಯೊಳಗೆ ಬಿಲ್ಲೆ ಇತ್ತು. ಅದರ ಹಿಂದೆ ಗುರುಬಸವನ ಫೋಟೋ ಇತ್ತು, ಟೊಪ್ಪಿಗೆ ಹಾಕಿಕೊಂಡು ಮೀಸೆ ತಿರುವಿದ್ದು. ಹುಸೇನಪ್ಪನ ಫೋಟೋ ಎಲ್ಲೂ ಇರಲಿಲ್ಲ.

ಅವಳು ಸೀದಾ ಗೌಡರ ಅಂಗಳಕ್ಕೆ ಹೋದಳು. ಗೌಡ ಮನೆಯ ಜಗಲಿಯ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದ. ಫೋಟೋ ಬದಲಿಸಿ, ಇಲ್ಲವೆಂದರೆ ಬಿಲ್ಲೆ ವಾಪಸ್ ಕೊಡಿ ಎಂದು ಕೇಳಿದಳು.

“ನಿನ್ನ ಗಂಡನ ಮಾರಿಗೆ ನಾವು ದಿನಾ ಕೈ ಮುಗೀಬೇಕೇನಬೇ?” ಗೌಡ ಕಣ್ಣೆತ್ತದೆ ಕೇಳಿದ. “ನಮ್ಮ ತಮ್ಮನ ಕೆಳಗ ಅವನ ಹೆಸರು ಕೆತ್ತಿಸಿದ್ದ ಭಾಳ ಆತು. ಹೋಗು, ಸಸಿ ಕೀಳೂ ಹೊತ್ತಾತು.”

ಆ ದಿನವೂ ಅವಳು ಗೌಡರ ಗದ್ದೆಗೇ ಹೋದಳು. ಸಂಜೆ ಮನೆಗೆ ಬಂದು ಗೋಡೆಗೆ ಮುಖ ಮಾಡಿ ಕೂತಾಗ ಕರೆಮ್ಮ ಹತ್ತಿರ ಬಂದಳು.

“ಅಳಬ್ಯಾಡ,” ಅಂದಳು ಮುದುಕಿ. “ಅತ್ತರ ಹಗುರಾಗ್ತಿ. ನೀ ಹಗುರಾಗೂದು ನನಗ ಬೇಕಾಗಿಲ್ಲ.”

ಆಗಸ್ಟ್ ಹದಿನೈದಕ್ಕೆ ರಾಯಚೂರಿನಿಂದ ನಿವೃತ್ತ ಕರ್ನಲ್ ಒಬ್ಬರು ಧ್ವಜ ಹಾರಿಸಲು ಬರುವರೆಂದೂ, ಹುತಾತ್ಮನ ಹೆಂಡತಿ ಹಾಜರಿರಲೇಬೇಕೆಂದು ಹೇಳಿದ್ದಾರೆಂದೂ ಸುದ್ದಿಯಾಯಿತು. ಗೌಡ ಆಳಿನ ಕೈಯಲ್ಲಿ ಬಿಳಿ ಸೀರೆ ಕಳಿಸಿದ. ಉಟ್ಟುಕೊಂಡು ಬಂದು, ಶಾಲು ಹೊದಿಸಿದಾಗ ತಲೆ ಬಗ್ಗಿಸಿ, ಬಾಯಿ ಮುಚ್ಚಿಕೊಂಡು ಇಳಿದು ಹೋಗಬೇಕೆಂದು ಹೇಳಿ ಕಳಿಸಿದ. ಬಸ್ಸಮ್ಮ ಹೂಂ ಅಂದಳು. ಬಿಳಿ ಸೀರೆಯನ್ನು ಒಲೆಯ ಮುಂದೆ ಮಸಿಬಟ್ಟೆ ಮಾಡಿ ಹಾಕಿ, ಹುಸೇನಪ್ಪ ಜಮ್ಮುವಿನಿಂದ ತಂದಿದ್ದ ಹಸಿರು ಸೀರೆ ಉಟ್ಟುಕೊಂಡು ಹೋದಳು.

ಶಾಲೆಯ ಮಕ್ಕಳು ಸಾಲಾಗಿ ನಿಂತಿದ್ದರು. ತಾಲೂಕಿನ ಅಧಿಕಾರಿಗಳು ಕುರ್ಚಿಯಲ್ಲಿದ್ದರು. ಗೌಡ ರುಮಾಲು ಸುತ್ತಿ ಎಲ್ಲರಿಗಿಂತ ಮುಂದೆ ನಿಂತಿದ್ದ. ಹಾರ ಹಾಕುವ ಹೊತ್ತಿಗೆ ಕರ್ನಲ್ ಅವನನ್ನು ತಡೆದು, ಮೊದಲ ಗೌರವ ಹುಸೇನಪ್ಪನ ಹೆಂಡತಿಯದು ಅಂದರು. ಪೂಜಾರಿ ಅಯ್ಯ ಗೌಡನ ಮುಖ ನೋಡಿದ. ಗೌಡ ಕರ್ನಲ್ಲರ ಮುಖ ನೋಡಿ ನಕ್ಕ.

ಬಸ್ಸಮ್ಮ ಮೆಟ್ಟಿಲು ಹತ್ತಿದಳು. ಯಾರೂ ಇಳಿ ಅನ್ನಲಿಲ್ಲ. ಮೇಲೆ ನಿಂತು ತಿರುಗಿದಳು.

“ಸಾಹೇಬ್ರ, ಈ ಪೆಟ್ಟಿಗ್ಯಾಗಿರೂ ಬಿಲ್ಲೆ ನನ್ನ ಗಂಡಂದು. ಹಿಂದಿರೂ ಫೋಟೋ ನನ್ನ ಗಂಡಂದಲ್ಲ. ಗೌಡ್ರು ತಮ್ಮ ಕೈಲೆ ತಗದು ನನ್ನ ಕೈಯಾಗ ಕೊಡಬೇಕು.”

ಕರ್ನಲ್ ಮೇಲೆ ಬಂದು ಪೆಟ್ಟಿಗೆ ತೆಗೆಸಿದರು. ಪದಕ ತಿರುವಿ ಅಂಚಿನ ಮೇಲಿದ್ದ ಹೆಸರು ಓದಿದರು. ಆಮೇಲೆ ಅದನ್ನು ಗೌಡನ ಕೈಗಿಟ್ಟು, ಕೊಡಿ ಅಂದರು. ಗೌಡ ಆಳನ್ನು ಕರೆಯಹೋದ. ಆಳು ಬೇಡ, ನೀವೇ ಕೊಡಿ ಎಂದು ಕರ್ನಲ್ ಮತ್ತೆ ಹೇಳಿದರು.

ಬಸ್ಸಮ್ಮ ಅಂಗೈ ಚಾಚಿದಳು. ಗೌಡ ಮೇಲಿನಿಂದ ಬಿಲ್ಲೆಯನ್ನು ಬೀಳಿಸಲು ನೋಡಿದ, ಕೇರಿಯವರಿಗೆ ಕೂಲಿ ಬೀಳಿಸುವ ಹಾಗೆ. ಅವಳು ಕೈ ಮೇಲಕ್ಕೆತ್ತಿ ಬಿಲ್ಲೆಯ ಸಮೇತ ಅವನ ಬೆರಳುಗಳನ್ನು ಹಿಡಿದುಕೊಂಡಳು. ಸಸಿಯ ಕಟ್ಟು ಹಿಡಿದು ಹಿಡಿದು ಗಟ್ಟಿಯಾದ ಕೈ ಅದು. ಗೌಡ ಎಳೆದ. ಬಿಡಲಿಲ್ಲ. ಕೆಳಗೆ ನಿಂತವರ ಮೊಬೈಲುಗಳೆಲ್ಲ ಮೇಲೆದ್ದವು. ಚಪ್ಪಾಳೆ ಬಿತ್ತು. ಗೌಡ ಹಲ್ಲು ಕಿರಿಯಬೇಕಾಯಿತು.

“ಮನ್ಯಾಗ ನೀರದಾವಲ್ರೀ ಗೌಡ್ರ?” ಅವನಿಗಷ್ಟೇ ಕೇಳುವಂತೆ ಅಂದಳು. “ಹೋಗಿ ತಿಕ್ಕಿ ತೊಳಕೋರಿ. ಚರ್ಮ ಸುಲಿಯೂತನಕ ತಿಕ್ಕರಿ. ಹೋಗಂಗಿಲ್ಲ ಇದು.”

“ನಿನ್ನ ಹೆಣ ಕಾಲುವ್ಯಾಗ ತೇಲಸ್ತೀನಲೇ ಸೂಳಿ,” ಅಂದ ಗೌಡ, ನಗುತ್ತಲೇ.

ಮಧ್ಯಾಹ್ನದೊಳಗೆ ಆ ವಿಡಿಯೋ ಮಸ್ಕಿ ದಾಟಿ ಲಿಂಗಸುಗೂರಿಗೆ ಮುಟ್ಟಿತ್ತು. ಅಲ್ಲಿಯ ಬೀಗರು ಫೋನು ಮಾಡಿ, ಕೇರಿಯವಳ ಕೈ ಹೆಂಗಿತ್ತಪ್ಪ ಎಂದು ಗೌಡನನ್ನು ನಗೆಯಾಡಿದರಂತೆ. ಸಂಜೆಗೆ ಕೇರಿಯ ನಲ್ಲಿ ನಿಂತಿತು. ನಾಳೆಯಿಂದ ಕೇರಿಯ ಒಬ್ಬ ಹೆಂಗಸೂ ಗದ್ದೆಗೆ ಬರುವುದು ಬೇಡವೆಂದು ಆಳು ಕೂಗಿ ಹೋದ. ನಾಟಿಗೆ ಪಾಮನಕಲ್ಲೂರಿನ ಕಡೆಯಿಂದ ಕೂಲಿಯವರನ್ನು ತರಿಸುತ್ತಾರೆಂದೂ ಹೇಳಿದ.

ಮರುದಿನ ಬೆಳಿಗ್ಗೆ ಬಸ್ ಸ್ಟಾಪಿನ ಕಡೆಯಿಂದ ಉಳಿಯ ಸದ್ದು ಬಂತು. ಬಸ್ಸಮ್ಮ ಓಡಿದಳು. ಹಿಂದೆ ಕರೆಮ್ಮ, ಅವಳ ಹಿಂದೆ ಕೇರಿ.

ಗೌಡ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಬೇವಿನ ನೆರಳಲ್ಲಿ ಕೂತಿದ್ದ. ನೀರಿನ ಟ್ಯಾಂಕರಿನ ಪೈಪು ಹಿಡಿದು ಅಯ್ಯ ಮೆಟ್ಟಿಲು ತೊಳೆಯುತ್ತಿದ್ದ. ಮೇಲೆ ಮಕ್ತುಮ್‌ಸಾಬ್ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಹುಸೇನಪ್ಪನ ಹೆಸರಿನಲ್ಲಿ ‘ಹು’ ಇರಲಿಲ್ಲ, ‘ಸೇ’ ಇರಲಿಲ್ಲ.

ಬಸ್ಸಮ್ಮ ಒದ್ದೆ ಮೆಟ್ಟಿಲು ಹತ್ತಿ ಹೋದಳು. ಅಯ್ಯ ಅಡ್ಡ ಬಂದ. ಅವಳು ನಿಲ್ಲದೆ ಮುಂದೆ ನಡೆದಾಗ, ಮೈ ತಾಗೀತೆಂದು ತಾನೇ ಹಿಂದೆ ಸರಿದು ಪೈಪು ಎಡವಿ ಕೂತ.

ಮಕ್ತುಮ್‌ಸಾಬ್ ತಲೆ ಎತ್ತಲಿಲ್ಲ. “ಹೊಟ್ಟಿಪಾಡು ತಂಗಿ. ಎರಡ ಅಕ್ಷರ ಹೊಡದೀನಿ. ಮುಂದ ಕೈ ಏಳವಲ್ದು.”

“ಕೊಡಣ್ಣ ಇಲ್ಲಿ. ಉಳಿದದ್ದು ನಾ ಬರೋಬ್ಬರಿ ಮಾಡ್ತೀನಿ.”

ಅವನು ಸುತ್ತಿಗೆ, ಉಳಿ ಕೆಳಗಿಟ್ಟು ಎದ್ದು ಸರಿದ. ಬಸ್ಸಮ್ಮ ಎತ್ತಿಕೊಂಡಳು. ಗಂಡನ ಹೆಸರಿನ ತಾವಿಗೆ ಹೋಗಲಿಲ್ಲ. ಅದರ ಮೇಲಿದ್ದ ದಪ್ಪ ಅಕ್ಷರದ ಮೊದಲಿಗೆ, ‘ಗು’ ಮೇಲೆ ಉಳಿಯಿಟ್ಟು ಹೊಡೆದಳು. ಗುರುಬಸವನ ಮೇಲೆ ಅವಳಿಗೆ ಅಂಥ ಸಿಟ್ಟೇನೂ ಇರಲಿಲ್ಲ. ಒಂದೇ ಡಬ್ಬಿಯಲ್ಲಿ ಉಂಡವನು. ಆದರೆ ಅವಳ ಸಿಟ್ಟಿಗೆ ಕೈಗೆಟುಕುವ ಜಾಗ ಅದೊಂದೇ ಇತ್ತು. ಮತ್ತೆ ಹೊಡೆದಳು.

ಗೌಡ ಕುರ್ಚಿ ಕೆಡವಿ ಎದ್ದ. ಆ ರಂಡಿಯನ್ನು ಎಳೆದು ಹಾಕಿರೆಂದು ಆಳುಗಳಿಗೆ ಒದರಿದ. ಅಷ್ಟರಲ್ಲಿ ಕರೆಮ್ಮ ಕುಡುಗೋಲನ್ನು ಮಡಿಲಲ್ಲಿಟ್ಟುಕೊಂಡು ಮೊದಲ ಮೆಟ್ಟಿಲ ಮೇಲೆ ಕೂತಿದ್ದಳು. ಅವಳ ಮಗ್ಗುಲಿಗೆ ಒಬ್ಬಳು ಕೂತಳು, ಮತ್ತೊಬ್ಬಳು ಕೂತಳು. ಮೆಟ್ಟಿಲು ತುಂಬಿತು. ಪಾಮನಕಲ್ಲೂರಿನ ಟ್ರ್ಯಾಕ್ಟರು ಬಂದು ನಿಂತಿತು. ಟ್ರೇಲರಿನಲ್ಲಿದ್ದವರೂ ತಮ್ಮೂರ ಕೇರಿಯ ಹೆಂಗಸರೇ. ಏನೆಂದು ಕೇಳಿದರು. ಕೇಳಿಕೊಂಡ ಮೇಲೆ ಇಳಿದು ನಿಂತರೇ ಹೊರತು ಗದ್ದೆಯ ಕಡೆ ಯಾರೂ ಹೆಜ್ಜೆ ಇಡಲಿಲ್ಲ.

ಗೌಡ ಫೋನು ಕಿವಿಗಿಟ್ಟುಕೊಂಡು ಅತ್ತಿಂದಿತ್ತ ತಿರುಗಾಡಿದ.

ಚಕ್ಕೆಯೊಂದು ಸಿಡಿದು ಬಸ್ಸಮ್ಮನ ಹುಬ್ಬು ಹರಿಯಿತು. ರಕ್ತ ಕಣ್ಣಿಗಿಳಿಯಿತು. ಹಸಿರು ಸೆರಗಿನಿಂದ ಒರೆಸಿಕೊಂಡು ಉಳಿಯನ್ನು ಮುಂದಿನ ಅಕ್ಷರಕ್ಕೆ ಸರಿಸಿದಳು. ಸಿಂಧನೂರಿನ ರಸ್ತೆಯಲ್ಲಿ ಪೊಲೀಸ್ ಜೀಪಿನ ಹಾರ್ನು ಕೇಳಿತು. ಮೆಟ್ಟಿಲ ಮೇಲಿದ್ದವರು ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ಅಷ್ಟೊತ್ತಿಗೆ ಬಸ್ಸಮ್ಮ ಗುರುಬಸವನನ್ನು ಮುಗಿಸಿ ‘ಗೌಡ’ನ ಹತ್ತಿರ ಬಂದಿದ್ದಳು.