ಇಬ್ಬರ ಭೂತಗನ್ನಡಿ

ಗಿರಣಿಯಲ್ಲಿ ಮೂವತ್ತು ವರ್ಷ ಮೂಟೆ ಮೂಟೆಗೆ ಕೊಳವೆ ಚುಚ್ಚಿ ಕಾಳಿನ ಗುಣ ನೋಡಿದ್ದಕ್ಕೆ ಜನ ಅವರಿಗೆ ಕಾಳು ಮೇಷ್ಟ್ರು ಅಂತ ಹೆಸರಿಟ್ಟಿದ್ದರು. ಒಂದು ದಿನವೂ ಪಾಠ ಹೇಳಿದವರಲ್ಲ. ಆದರೆ ಎದುರಿಗಿದ್ದವರ ಮಾತನ್ನು ತಿದ್ದದೆ ಬಿಟ್ಟ ಆಸಾಮಿಯೂ ಅಲ್ಲ. ಅಂಥವರನ್ನು ಮೇಷ್ಟ್ರು ಅನ್ನದೆ ಇನ್ನೇನೆನ್ನಬೇಕು?

ಇಸ್ತ್ರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅವರೊಬ್ಬರೇ ಇದ್ದರು. ಮದುವೆಯಾಗಲಿಲ್ಲ, ಆಗಿದ್ದರೆ ಆ ಪುಣ್ಯಾತ್ಗಿತ್ತಿಯನ್ನೂ ತಿದ್ದುತ್ತಿದ್ದರು, ಬಿಡಿ. ಅವರಿಗಿದ್ದ ಹುಚ್ಚು ಒಂದೇ, ಧಾನ್ಯದ ತೆನೆ ಅಚ್ಚೊತ್ತಿದ ಪುರಾತನ ನಾಣ್ಯಗಳು. ರಾಜನ ಮುಖ ಬೇಡ, ಸಿಂಹ ಬೇಡ, ತೆನೆ ಇರಬೇಕು. ಎರಡು ಸಾವಿರ ವರ್ಷದ ಹಿಂದೆ ಯಾವನೋ ಪುಣ್ಯಾತ್ಮ ಉಗುರಿನಷ್ಟಗಲ ಬೆಳ್ಳಿಯ ಮೇಲೆ ಕಾಳು ಕಾಳಾಗಿ ಮೂಡಿಸಿದ ತೆನೆ. ಅಂಥವು ಇಪ್ಪತ್ತಮೂರು, ಮೇಜಿನ ಖಾನೆಯಲ್ಲಿ ಮಕಮಲ್ಲಿನ ಮೇಲೆ ಮಲಗಿದ್ದವು.

ಈ ಹುಚ್ಚಿಗೆ ಒಬ್ಬ ಜೊತೆಗಾರನಿದ್ದ, ಪುಸ್ತಕ ಬೈಂಡು ಮಾಡುವವನು. ಕಾಗದವನ್ನು ಹೆಬ್ಬೆರಳಲ್ಲಿ ಸವರಿ ಅದರ ಎಳೆ ಯಾವ ಕಡೆ ಓಡಿದೆ ಅಂತ ಹೇಳುವಂಥ ಕೈ ಅವನದು. ಇಬ್ಬರೂ ಸೇರಿ ಒಂದು ಒಳ್ಳೆಯ ಭೂತಗನ್ನಡಿ ಕೊಂಡಿದ್ದರು. ಅದು ಒಂದು ವಾರ ಇವರ ಹತ್ತಿರ, ಒಂದು ವಾರ ಅವನ ಹತ್ತಿರ. ಪಾಳಿ ಬದಲಾಗುವುದು ಭಾನುವಾರ. ಗಾಜು ಕೊಡಲು ಹೋದವರು ಹಾಗೇ ಬರುವುದುಂಟೆ? ಕೂತರೆ ಹೊತ್ತು ಮುಳುಗುತ್ತಿತ್ತು.

ಅದನ್ನು ಕೆಡಿಸಿದ್ದು ಬೈಂಡರ್ ಮೊಟ್ಟಮೊದಲು ಕೊಂಡಿದ್ದ ನಾಣ್ಯ. ಸವೆದು ಸವೆದು ನುಣ್ಣಗಾಗಿದ್ದ ತೆನೆ. ಅವನು ಗೋಧಿ ಅಂದ. ಇವರು ಜವೆಗೋಧಿ ಅಂದರು. ಅವನು ನಕ್ಕು, "ನಂಗೆ ಗೋಧಿನೇ ಸಾಕು ಮಾರಾಯ," ಅಂದ. ಅಲ್ಲಿಗೆ ಬಿಟ್ಟಿದ್ದರೆ ಮೇಷ್ಟ್ರ ಗಂಟೇನು ಹೋಗುತ್ತಿತ್ತು? ಹಳೇ ಸಾಮಾನಿನ ಅಂಗಡಿಯಲ್ಲಿ, ನಾಲ್ಕು ಜನರೆದುರು, "ತಿನ್ನೋ ಕಾಳು ಯಾವುದು ಅಂತ ಗೊತ್ತಿಲ್ದೋನು ನಾಣ್ಯ ಕೂಡಿಸ್ತಾನಂತೆ!" ಅಂದುಬಿಟ್ಟರು. ಎಲ್ಲರೂ ಗೊಳ್ಳೆಂದರು. ಬೈಂಡರ್ ನಾಣ್ಯವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೊರಟುಹೋದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅವತ್ತು ಭಾನುವಾರ. ಪಾಳಿ ಅವನದು. ಗಾಜು ಇವರ ಜೇಬಿನಲ್ಲೇ ಉಳಿಯಿತು. ಬಂದು ಕೇಳಿದರೆ ಕೊಡೋಣ ಅಂದುಕೊಂಡರು. ಅವನು ಕೇಳಲಿಲ್ಲ, ಇವರು ಕೊಡಲಿಲ್ಲ. ಹಿಡಿದ ಮೊಲಕ್ಕೆ ಮೂರೇ ಕಾಲು ಅಂತ ಏಳು ವರ್ಷ ಕಳೆದವು.

ಮೊನ್ನೆ ಅದೇ ಅಂಗಡಿಗೆ ಅದೇ ಅಚ್ಚಿನ ನಾಣ್ಯವೊಂದು ಬಂತು, ಸವೆಯದ್ದು. ಮೇಷ್ಟ್ರು ಅದನ್ನು ಕೊಂಡು ಮನೆಗೆ ತಂದು ಕಿಟಕಿಯ ಬೆಳಕಿಗೆ ಹಿಡಿದು ಗಾಜು ಇಟ್ಟರು. ಜಡೆ ಹೆಣೆದಂತೆ ಕಾಳಿನ ಸಾಲು, ತೆನೆಗಿಂತ ಉದ್ದದ ಮೀಸೆ. ಜವೆಗೋಧಿ! ಸಾಕ್ಷಾತ್ ಜವೆಗೋಧಿ!

"ನೋಡೋ ಇಲ್ಲಿ!" ಅಂತ ತಿರುಗಿದರು.

ಗೋಡೆ ಇತ್ತು. ಗೋಡೆಯ ಮೇಲೆ ಹೋದ ವರ್ಷದ ಕ್ಯಾಲೆಂಡರ್ ಇತ್ತು. ಕೆಳಗೆ ಇಸ್ತ್ರಿಯವನು ಯಾರಿಗೋ ಅಂಗಿ ಮಡಚಿ ಕೊಡುತ್ತಿದ್ದ. ಮೇಷ್ಟ್ರಿಗೆ ಅಳು ಬಂತು. ಗೆದ್ದ ಮನುಷ್ಯ ಕುರ್ಚಿಯಲ್ಲಿ ಕೂತು ಗಳಗಳ ಅತ್ತರು. ಇಪ್ಪತ್ತನಾಲ್ಕು ನಾಣ್ಯ ಇದ್ದು ಏನು ಸುಡುವುದು, ನೋಡೋ ಅನ್ನಲು ಒಬ್ಬನಿಲ್ಲದ ಮೇಲೆ?

ಭಾನುವಾರ ಬೆಳಿಗ್ಗೆ ನಾಣ್ಯವನ್ನೂ ಗಾಜನ್ನೂ ಜೇಬಿಗಿಳಿಸಿ ಹೊರಟರು. ಇನ್ನೊಮ್ಮೆ ಅವನ ಜೊತೆ ಕೂರಬೇಕು, ಅಷ್ಟೇ. ಅವನು ಮುಖದ ಮೇಲೆ ಬಾಗಿಲು ಹಾಕಿದರೆ?

ಬಾಗಿಲು ತೆಗೆದದ್ದು ಬೈಂಡರನ ತಂಗಿ. ಇವರನ್ನು ನೋಡಿ ಸೆರಗಿನಲ್ಲಿ ಕೈ ಒರೆಸಿಕೊಂಡಳು.

"ಏನು ಮೇಷ್ಟ್ರೇ, ದಾರಿ ತಪ್ಪಿತಾ?"

"ಗಾಜು ಕೊಡೋದಿತ್ತು," ಅಂದರು.

ಅವಳ ಮುಖ ಸಣ್ಣಗಾಯಿತು. "ಈಗ ತಂದ್ರಾ? ಅಣ್ಣಂಗೆ ಎರಡೂ ಕಣ್ಣು ಹೋಗಿ ಮೂರು ವರ್ಷ ಆಯ್ತು. ನರ ಒಣಗಿದೆ ಅಂದ್ರು ಡಾಕ್ಟ್ರು. ನಿಮ್ಮ ಜಗಳ ಆದ್ಮೇಲೂ ನಾಲ್ಕು ವರ್ಷ ಚೆನ್ನಾಗೇ ಕಾಣ್ತಿತ್ತು. ಬೇರೆ ಗಾಜು ತಗೊಳ್ಳೋ ಅಂತ ಬಡ್ಕೊಂಡೆ. ಅದು ಬರುತ್ತೆ ಬಿಡು, ಬೇರೆ ಯಾಕೆ ಅಂತಿದ್ದ."

ಮೇಷ್ಟ್ರಿಗೆ ಜೇಬಿನಲ್ಲಿದ್ದ ಗಾಜು ಸುಟ್ಟಂತಾಯಿತು. ಹಾಗೇ ಹಿಂದಿರುಗಿ ಹೋಗಿಬಿಡೋಣ ಅನ್ನಿಸಿತು. ಅಷ್ಟರಲ್ಲಿ ಒಳಗಿನಿಂದ, "ಯಾರದು, ಕಾಳು ಮೇಷ್ಟ್ರಾ? ಚಪ್ಪಲಿ ಎಳೆಯೋ ಸದ್ದು ಇನ್ನೂ ಹೋಗಿಲ್ವಲ್ಲೋ," ಅಂತ ದನಿ ಬಂತು.

ಬೈಂಡರ್ ಅಂಟಿನ ಡಬ್ಬಿ, ದಾರದ ಉಂಡೆಗಳ ನಡುವೆ ಕೂತು, ನೋಡದೆಯೇ ಹಾಳೆ ಹೊಲಿಯುತ್ತಿದ್ದ. ಮೇಷ್ಟ್ರು ಅವನ ಪಕ್ಕ ಕೂತರು. ಹೊಸ ನಾಣ್ಯವನ್ನು ಅವನ ಅಂಗೈಗಿಟ್ಟರು.

"ನಿನ್ನ ನಾಣ್ಯದ್ದೇ ಅಚ್ಚು. ಸವೆದಿಲ್ಲ. ಗಾಜಲ್ಲಿ ನೋಡಿದೆ." ಹುಟ್ಟಿದಾರಭ್ಯ ಹೇಳದ ಮಾತು ಬಾಯಿಂದ ಹೊರಟಿತು: "ನೀನು ಹೇಳಿದ್ದೇ ಸರಿ ಕಣೋ. ಗೋಧಿ."

ಬೈಂಡರನ ಹೆಬ್ಬೆರಳು ನಾಣ್ಯದ ಮೇಲೆ ಮೆಲ್ಲಗೆ ಓಡಿತು. ಬುಡದಿಂದ ತುದಿಗೆ, ತುದಿಯಿಂದ ಅಂಚಿಗೆ. ಅಂಚಿನಲ್ಲಿ ನಿಂತಿತು.

"ಸುಳ್ಳು ಹೇಳೋದು ಯಾವಾಗ ಕಲಿತೆ?" ಅಂದ. "ಮೀಸೆ ಇಲ್ಲೀತನಕ ಇದೆ. ಜವೆಗೋಧಿ. ನೀನು ಬೈದು ವರ್ಷ ತುಂಬೋದ್ರೊಳಗೆ ನಂಗೆ ಗೊತ್ತಾಗಿತ್ತು, ಪುಸ್ತಕ ತರಿಸಿ ಓದಿದ್ದೆ."

"ಮತ್ತೆ ಹೇಳಬಾರದಿತ್ತೇನೋ?"

"ಗೆದ್ದೆ ಅಂತ ಜಂಬ ಕೊಚ್ಚೋಕಾದ್ರೂ ಬರ್ತೀಯ ಅಂತ ಕಾಯ್ತಿದ್ದೆ. ಎಷ್ಟು ತಡ ಮಾಡಿದೆಯೋ, ನಿನ್ನ ಮುಖ ನೋಡೋದೂ ತಪ್ಪಿಹೋಯ್ತು."

ಮೇಷ್ಟ್ರಿಗೆ ತಿದ್ದಲು ಏನೂ ಸಿಗಲಿಲ್ಲ. ಗಾಜನ್ನು ತೆಗೆದು ಹೊಲಿದ ಹಾಳೆಗಳ ಮೇಲಿಟ್ಟರು. ಬೈಂಡರ್ ತಡಕಾಡಿ ಅದನ್ನು ಹಿಡಿದುಕೊಂಡ, ಹಿತ್ತಾಳೆಯ ಅಂಚು ಸವರಿದ.

"ಈ ವಾರ ಯಾರ ಪಾಳಿ?"

"ನಿಂದೇ."

"ಹಾಗಿದ್ರೆ ಇಟ್ಟು ಹೋಗು," ಅಂದ ಬೈಂಡರ್, ಅದನ್ನು ತನ್ನ ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತ. "ಮುಂದಿನ ಭಾನುವಾರ ನಿಂದು. ಬಂದು ತಗೊಂಡು ಹೋಗು."