ಚಿಜುರು ತಿಂದ ಸೌತೆಕಾಯಿ

ನಮ್ಮೂರಲ್ಲಿ ಬೇಸಿಗೆಯಲ್ಲಿ ಮಕ್ಕಳು ನದಿಗೆ ಇಳಿಯುವ ಮೊದಲು ಕಪ್ಪಾಗೆ ಸೌತೆಕಾಯಿ ಸಲ್ಲಬೇಕು. ಕಪ್ಪಾ ಅಂದರೆ ನೀರಿನ ಭೂತ, ಇರುವುದು ಮಡುವಿನಲ್ಲಿ. ಅದರ ನೆತ್ತಿಯ ಮೇಲೆ ತಟ್ಟೆಯಂಥ ಕುಳಿ, ಕುಳಿಯ ತುಂಬ ನೀರು. ಕಾಯಿ ಕೊಡದವರ ಕಾಲು ಹಿಡಿದು ಒಳಗೆಳೆಯುತ್ತದೆ. ಮನೆಗೊಂದು ಕಾಯಿ, ಅದರ ಮೇಲೆ ಮಕ್ಕಳ ಹೆಸರು ಕೆತ್ತಿ ಸೇತುವೆಯಿಂದ ಎಸೆಯುವುದು.

ಈ ವರ್ಷ ಒಂಬತ್ತು ವರ್ಷದ ಚಿಜುರುಗೆ ಅವಳ ಅಜ್ಜಿ ಆ ಕೆಲಸವನ್ನು ಒಪ್ಪಿಸಿದ್ದಳು. ಕಾಯಿಯ ಮೇಲೆ ಅವಳದೂ ಅವಳ ತಮ್ಮ ಮಿತ್ಸುಗುವಿನದೂ ಹೆಸರಿತ್ತು. ಚಿಜುರು ದಾರಿಯಲ್ಲಿ ತುದಿ ಕಚ್ಚಿ ನೋಡಿದಳು. ಸೇತುವೆ ತಲುಪುವಾಗ ಕೈಯಲ್ಲಿ ಏನೂ ಇರಲಿಲ್ಲ.

"ಹಾಕಿದ್ಯಾ?" ಎಂದು ಅಜ್ಜಿ ಕೇಳಿದಳು.

"ಹೋಯ್ತು ಅಜ್ಜಿ."

ಅದು ಸುಳ್ಳಲ್ಲ ಎಂದು ಚಿಜುರು ಮೂರು ದಿನ ತನಗೆ ತಾನೇ ಹೇಳಿಕೊಂಡಳು.

ನಾಲ್ಕನೆಯ ದಿನ ಅದೇ ಮಡುವಿನಲ್ಲಿ ಶಾಲೆಯ ಈಜು ಪರೀಕ್ಷೆ. ಆಚೆ ದಡ ಮುಟ್ಟಿದವರಿಗೆ ಬಿಳಿ ಟೋಪಿ, ಉಳಿದವರಿಗೆ ಇನ್ನೊಂದು ವರ್ಷ ಕೆಂಪು. ಚಿಜುರು ಹೊಟ್ಟೆನೋವು ಎಂದು ದಡದಲ್ಲೇ ಕೂತಳು. ಟೋಪಿ ಕೆಂಪಾದರೇನು, ಕಾಲಂತೂ ಉಳಿಯುತ್ತದೆ. ಅಷ್ಟರಲ್ಲಿ ಆರು ವರ್ಷದ ಮಿತ್ಸುಗು ಅಂಗಿ ಕಿತ್ತೆಸೆದು ನೀರಿನ ಕಡೆ ಓಡಿದ. ಅವನ ಲೆಕ್ಕದಲ್ಲಿ ಕಾಯಿ ಸಂದಿತ್ತು.

"ಇಳೀಬೇಡ ಕಣೋ. ಕಾಯಿ ನಾನು ತಿಂದೆ."

"ಪೂರ್ತಿ?"

"ಪೂರ್ತಿ."

"ನನ್ನ ಹೆಸರೂ?"

"ಮೊದಲು ನಿಂದೇ. ಸ್ವಲ್ಪ ಕಹಿ ಇತ್ತು."

ಮಿತ್ಸುಗು ಎರಡು ಹೆಜ್ಜೆ ಹಿಂದೆ ಸರಿದ. ಪೇಟೆಯಿಂದ ಬಂದಿದ್ದ ಕುರೋಇವಾ ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಕಪ್ಪಾನೂ ಇಲ್ಲ, ಗಿಪ್ಪಾನೂ ಇಲ್ಲ. ಸುಮ್ನೆ ಇಳೀರಿ."

"ಅಕ್ಕಾ, ಬಗ್ಗಿ ನಮಸ್ಕಾರ ಮಾಡು," ಎಂದ ಮಿತ್ಸುಗು. "ಅದಕ್ಕೆ ಮರ್ಯಾದೆ ಜಾಸ್ತಿಯಂತೆ. ಅದೂ ಬಗ್ಗುತ್ತೆ, ತಲೆ ಮೇಲಿನ ನೀರು ಚೆಲ್ಲಿಹೋಗುತ್ತೆ. ಆಮೇಲೆ ಅದರ ಕೈಲಿ ಏನೂ ಆಗಲ್ಲ."

"ಕಾಯಿ ತಿಂದಿದ್ದು ಸಾಲ್ದು ಅಂತ ಮೋಸ ಬೇರೆ ಮಾಡ್ಲಾ?"

"ಹಾಗಾದ್ರೆ ತಪ್ಪಾಯ್ತು ಅನ್ನು. ಅದಕ್ಕೂ ಬಗ್ಗಲೇಬೇಕಲ್ಲ."

ಚಿಜುರು ಮೂಗು ನೀರಿಗೆ ತಾಗುವಷ್ಟು ಬಗ್ಗಿದಳು. "ತಪ್ಪಾಯ್ತು. ನಾಳೆ ಎರಡು ತರ್ತೀನಿ," ಎಂದು ಹೇಳಿ ಧುಮುಕಿದಳು. ನಡುಮಡುವಿನಲ್ಲಿ ಕಾಲನ್ನು ಏನೋ ಸವರಿತು. ಏನೆಂದು ನೋಡಲು ಅವಳು ನಿಲ್ಲಲಿಲ್ಲ. ಅಷ್ಟು ಬೇಗ ಆ ದಡ ಮುಟ್ಟಿದವರು ಈ ವರ್ಷ ಬೇರೆ ಯಾರೂ ಇಲ್ಲ.

ಆಚೆ ದಡದಲ್ಲಿ ಟೋಪಿ ಕೊಡಲು ಮೇಷ್ಟ್ರೂ ಈಜಿಯೇ ಹೋಗಬೇಕಿತ್ತು. ಅವರು ಆಚೀಚೆ ನೋಡಿ, ನದಿಗೆ ಎದುರಾಗಿ ಸೊಂಟ ಬಗ್ಗಿಸಿದರು.

"ಮೇಷ್ಟ್ರೇ, ನೀವೂನಾ?" ಎಂದ ಮಿತ್ಸುಗು.

"ಚಪ್ಪಲಿ ಸರಿ ಮಾಡ್ಕೊಂಡೆ ಕಣೋ."

ಮೇಷ್ಟ್ರು ಬರಿಗಾಲಲ್ಲಿದ್ದರು.